ಐದನೇ ಬಗೆಯ ಓದುಗ

ಕಡಲಿನ ಅಂಚಿಗೆ, ಮರಳಿನ ಮಗ್ಗುಲಿಗೆ ಒಂದು ಪುಟ್ಟ ರಾಜ್ಯವಿತ್ತಂತೆ. ಒಟ್ಟು ಹದಿನೇಳೇ ಮನೆ. ಆ ಹದಿನೇಳು ಮನೆಗೆ ಒಬ್ಬ ರಾಜ. ಅವನ ಹತ್ತಿರ ಆನೆ ಕುದುರೆ ಇರಲಿಲ್ಲ. ಒಂದು ದಪ್ಪ ಕನ್ನಡಕ, ಎರಡು ಬೀರು ತುಂಬ ಪುಸ್ತಕ, ಲೋಕದಲ್ಲಿರುವ ಎಲ್ಲದರ ಬಗ್ಗೆಯೂ ಒಂದೊಂದು ಅಭಿಪ್ರಾಯ ಇದ್ದವು. ತಿಂಗಳಿಗೊಮ್ಮೆ ಅವನು ಅಪ್ಪಣೆ ಹೊರಡಿಸುತ್ತಿದ್ದ. ಅದನ್ನು ದುಂಡಗೆ ಬರೆಯಲು ಒಬ್ಬಳು ಹುಡುಗಿ, ಮನೆಮನೆಗೆ ಮುಟ್ಟಿಸಲು ಒಬ್ಬ ದೂತ. ಒಂದು ದಿನ ಹೋದ ದೂತ ಮರಳಿ ಬರಲಿಲ್ಲ. ಅವನ ಹೆಂಡತಿ ಹುಡುಗಿಯ ಹತ್ತಿರ ಬಂದು ಒಂದು ಮಾತು ತೆಗೆದುಕೊಂಡಳು.

ಅಜ್ಜಿ ಇದ್ದಿದ್ದರೆ ಇಲ್ಲಿಗೆ ನಿಲ್ಲಿಸಿ, "ಹೂಂ ಅನ್ನು, ಇಲ್ಲದಿದ್ರೆ ಮುಂದೆ ಹೇಳಲ್ಲ" ಅನ್ನುತ್ತಿದ್ದಳು. ನಂಜನಗೂಡಿನಲ್ಲಿ ಹನ್ನೆರಡು ವರ್ಷ ಅವಳ ಮಗ್ಗುಲಲ್ಲಿ ಮಲಗಿ ಹೂಂಗುಟ್ಟಿದವಳು ನಾನು. ಅವಳು ತೀರಿಕೊಂಡ ಮೇಲೆ ಅಪ್ಪ ಅಮ್ಮ ನನ್ನನ್ನು ಕುವೈತಿಗೆ ಕರೆಸಿಕೊಂಡರು. ಇಲ್ಲಿ ಕಥೆ ಹೇಳುವವರು ಯಾರೂ ಇರಲಿಲ್ಲ. ಮೇಲಿನ ಫ್ಲ್ಯಾಟಿನಲ್ಲಿ ಶ್ಯಾಮಸುಂದರ್ ಇದ್ದರು.

ಅವರು ಕಡಲ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಮದುವೆಯಾಗಿರಲಿಲ್ಲ. ಹವ್ಯಾಸಕ್ಕೆಂದು 'ಖರ್ಜೂರ' ಎಂಬ ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ತಿಂಗಳಿಗೆ ಒಂದೇ ಒಂದು ಪ್ರತಿ. ಅದೇ ಪ್ರತಿ ಮೈದಾನ್ ಹವಲ್ಲಿ, ರುಮೈಥಿಯಾ, ಫಿಂಟಾಸ್ ಅಂತ ಬೇರೆಬೇರೆ ಬಡಾವಣೆಗಳ ಹದಿನೇಳು ಕನ್ನಡದ ಮನೆ ಸುತ್ತಿ ವಾಪಸು ಬರಬೇಕು. ಅದರಲ್ಲಿ ಯಾರದೋ ಒಂದು ಪದ್ಯ, ಯಾರದೋ ಒಂದು ಅಡುಗೆ ಇರುತ್ತಿತ್ತು. ಉಳಿದದ್ದೆಲ್ಲ ಅವರದೇ ಅಂಕಣ, 'ಓದುಗನ ಒರಟು ಮಾತು'. ಊಟ ಮಾಡುತ್ತಾ ಓದುವವನು ಅನ್ನಕ್ಕೂ ಅಕ್ಷರಕ್ಕೂ ಅವಮಾನ ಮಾಡುತ್ತಾನೆ. ವಿಡಿಯೋ ಕ್ಯಾಸೆಟ್ ಬಾಡಿಗೆಗೆ ತರುವ ಮನೆಯ ಮಕ್ಕಳು ಕನ್ನಡದಲ್ಲಿ ಅಳುವುದನ್ನೂ ಮರೆಯುತ್ತವೆ. ಫ್ರಿಜ್ಜಿನಲ್ಲಿ ಮೂರು ದಿನದ ಸಾರು, ತಲೆಯಲ್ಲಿ ಮೂವತ್ತು ವರ್ಷದ ಹಳಸಲು, ಇದಕ್ಕೆ ನಾವು ಆಧುನಿಕ ಜೀವನ ಅನ್ನುತ್ತೇವೆ. ಹೀಗೆ. ನನ್ನ ಅಕ್ಷರ ಚೆನ್ನಾಗಿತ್ತು. ಅವರ ಕರಡನ್ನು ಅಂದವಾಗಿ ನಕಲು ಮಾಡುವುದು ನನ್ನ ಕೆಲಸ. "ಲಿಪಿಕಾರ್ತಿ" ಎಂದು ಅವರು ಕರೆದಾಗ ನನಗೆ ಕಥೆಯೊಳಗೆ ಕಾಲಿಟ್ಟ ಹಾಗಾಗುತ್ತಿತ್ತು.

ಹಂಚುವವನು ಫಕೀರಪ್ಪ. ಗದಗಿನ ಕಡೆಯವನು, ಎ.ಸಿ. ರಿಪೇರಿ ಮಾಡುತ್ತಿದ್ದ. ಕಂಪನಿಯ ಪಿಕಪ್ ಗಾಡಿಯಲ್ಲಿ ದಿನವೂ ಊರೆಲ್ಲ ಓಡಾಡುವವನು, ಆದ್ದರಿಂದ ಈ ಕೆಲಸವೂ ಅವನ ಕೊರಳಿಗೆ ಬಿದ್ದಿತ್ತು. ಪತ್ರಿಕೆಯನ್ನು ನಮ್ಮ ಕಟ್ಟಡದಿಂದ ತೆಗೆದುಕೊಂಡು ಫಿಂಟಾಸಿನ ತನ್ನ ಕೋಣೆಗೆ ಒಯ್ದು, ಮರುದಿನದಿಂದ ಮನೆಗಳಿಗೆ ಹಂಚುತ್ತಿದ್ದ.

ಪತ್ರಿಕೆಯ ಮೊದಲ ಹಾಳೆಗೆ ಒಂದು ಚೀಟಿ ಅಂಟಿಸುವ ಪದ್ಧತಿ. ಹದಿನೇಳು ಮನೆಯವರ ಹೆಸರು, ಬ್ಲಾಕು, ರಸ್ತೆ, ಮನೆ ನಂಬರು, ಬಂದ ದಿನ, ಹೋದ ದಿನ, ರುಜು. ಕಟ್ಟಡದ ಕಾವಲುಗಾರರಿಗೆ ತೋರಿಸಿದರೆ ದಾರಿ ಹೇಳಲಿ ಎಂದು ಶ್ಯಾಮಸುಂದರ್ ವಿಳಾಸಗಳನ್ನು ಅರಬ್ಬಿಯಲ್ಲೂ ಬರೆಯುತ್ತಿದ್ದರು. ಅರಬ್ಬಿ ಲಿಪಿ ಅವರ ಇನ್ನೊಂದು ಹವ್ಯಾಸ. ಚೀಟಿಯ ಬಗ್ಗೆ ಅವರಿಗೆ ಅಷ್ಟು ಹಟ ಯಾಕೆಂದರೆ, ಪ್ರತಿ ಸಂಚಿಕೆಯಲ್ಲೂ ಸಾಲುಗಳ ಕೆಳಗೆ ಎಣ್ಣೆಮಸಿಯ ಬೆರಳ ಗುರುತು ಕಾಣುತ್ತಿತ್ತು. ಯಾರ ಮನೆಯ ಬೆರಳೆಂದು ಹಿಡಿಯಲೇಬೇಕು ಎಂದು ಅವರು ಮೂರು ವರ್ಷದಿಂದ ಹೊಂಚು ಹಾಕಿದ್ದರು.

ಮೂವತ್ತೇಳನೇ ಸಂಚಿಕೆ ತೊಂಬತ್ತನೇ ಇಸವಿಯ ಆಗಸ್ಟಿನದು. ಜುಲೈ ಕೊನೆಗೆ ಕರಡು ನನ್ನ ಕೈಗೆ ಬಂತು. 'ಓದುಗರಲ್ಲಿ ಐದು ಬಗೆ' ಎಂದು ತಲೆಬರಹ. ಮೊದಲನೆಯವನು ಪುಸ್ತಕವನ್ನು ಮೂಸಿ ನೋಡಿ ಇಡುವವನು. ಎರಡನೆಯವನು ಕೊನೇ ಪುಟ ಮೊದಲು ಓದುವವನು. ಮೂರನೆಯವಳು ಅಡುಗೆಯ ಪುಟಕ್ಕೆ ಬಂದು ನಿಲ್ಲುವವಳು. ಅದು ನಮ್ಮಮ್ಮ ಸರಸಮ್ಮ ಎಂದು ಎಲ್ಲರಿಗೂ ತಿಳಿಯುವ ಹಾಗಿತ್ತು. ನಾಲ್ಕನೆಯವನಿಗೆ ಪುಸ್ತಕವೆಂದರೆ ನಿದ್ದೆಮಾತ್ರೆ. ಐದನೆಯವನು ಫಕೀರಪ್ಪ. ಹೆಸರಿರಲಿಲ್ಲ, ಹೆಸರಿನ ಅಗತ್ಯವೂ ಇರಲಿಲ್ಲ.

ನಾನು ನಕಲು ಮಾಡುತ್ತಾ ಮಾಡುತ್ತಾ ನಕ್ಕೆ. ನಕ್ಕು, ಆ ಪ್ಯಾರಾದ ಕೊನೆಗೆ ಕರಡಿನಲ್ಲೇ ಪೆನ್ಸಿಲಿನಿಂದ ನನ್ನದೊಂದು ಸಾಲು ಸೇರಿಸಿದೆ: "ಇವನಿಗೆ ಅಕ್ಷರವೆಂದರೆ ತೂಕ."

ಶ್ಯಾಮಸುಂದರ್ ಓದಿ ಕನ್ನಡಕ ತೆಗೆದರು. "ಭೇಷ್! ನಾನು ಹತ್ತು ಸಾಲಲ್ಲಿ ಹೇಳಿದ್ದನ್ನ ನೀನು ನಾಲ್ಕು ಪದದಲ್ಲಿ ಹೇಳ್ಬಿಟ್ಯಲ್ಲೇ!"

ವಾಸ್ತವದಲ್ಲಿ ಅದು ಮೂರೇ ಪದ. ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಆಗಸ್ಟ್ ಎರಡನೇ ತಾರೀಖು ಬೆಳಗ್ಗೆ ಇರಾಕಿನ ಸೈನ್ಯ ಬಂತು. ಮೂರು ವಾರ ಪತ್ರಿಕೆಯ ನೆನಪು ಯಾರಿಗೂ ಬರಲಿಲ್ಲ. ಬ್ಯಾಂಕಿನಲ್ಲಿದ್ದ ಅಪ್ಪ ಲಕ್ಷ್ಮೀನರಸಿಂಹ ಮನೆಯಲ್ಲಿ ಕೂತು ರೇಡಿಯೋ ತಿರುವುತ್ತಿದ್ದರು. ಅಮ್ಮ ಅಕ್ಕಿಯನ್ನು ಲೋಟದಲ್ಲಿ ಅಳೆದು ಹಾಕುತ್ತಿದ್ದಳು. ಸೈನಿಕರಿಗೆ ಯಾರ ಮನೆ ಎಲ್ಲಿದೆಯೆಂದು ಗೊತ್ತಾಗಬಾರದೆಂದು ಕುವೈತಿನವರು ರಸ್ತೆಯ ಫಲಕಗಳನ್ನೆಲ್ಲ ಕಿತ್ತರು, ಮನೆ ನಂಬರುಗಳ ಮೇಲೆ ಬಣ್ಣ ಬಳಿದರು. ಊರಿಗೆ ಊರೇ ಹೆಸರಿಲ್ಲದೆ ನಿಂತಿತು. ಯಾವುದೋ ರಾಕ್ಷಸನಿಗೆ ಹೆದರಿ ಎಲ್ಲರೂ ತಮ್ಮ ಹೆಸರು ಮರೆತಂತೆ ನಟಿಸುತ್ತಿದ್ದಾರೆ ಎಂದು ನನಗನ್ನಿಸುತ್ತಿತ್ತು. ಕಿಟಕಿಯಲ್ಲಿ ನಿಂತು ಇಂಥವನ್ನೇ ಯೋಚಿಸುತ್ತಿದ್ದೆ. ಆಗ ಓಡಾಡುತ್ತಿದ್ದವನು ಫಕೀರಪ್ಪ ಒಬ್ಬನೇ. ಎಲ್ಲಿಂದಲೋ ಖುಬ್ಜ್ ರೊಟ್ಟಿ, ಹಾಲಿನ ಪುಡಿ ತಂದುಕೊಡುತ್ತಿದ್ದ.

ಆಗಸ್ಟ್ ಇಪ್ಪತ್ತೈದಕ್ಕೆ ಶ್ಯಾಮಸುಂದರ್ ಅವನನ್ನು ಮೇಲಕ್ಕೆ ಕರೆದರು. ನಾನೂ ಅಲ್ಲೇ ಇದ್ದೆ.

"ಸಂಚಿಕೆ ತಯಾರಿದೆ ಫಕೀರಪ್ಪ. ಹಂಚಿಬಿಡು. ಇಂಥ ಹೊತ್ತಲ್ಲೇ ಜನಕ್ಕೆ ಓದು ಬೇಕಾಗೋದು."

ಫಕೀರಪ್ಪ ಪತ್ರಿಕೆ ತೆರೆದು ಮೊದಲ ಹಾಳೆ ನೋಡಿದ. "ಒಯ್ತೀನ್ರಿ ಸರ. ಆದ್ರ ಈ ಚೀಟಿ ಒಂದು ಹರದ ಬಿಡೂಣ್ರಿ. ಊರಾಗ ಬೋರ್ಡೆಲ್ಲಾ ಕಿತ್ತಾರ. ನಾ ನೋಡಿದ್ರ ಹದಿನೇಳ ಮನೀ ವಿಳಾಸ ಅರಬ್ಬೀ ಒಳಗ ಬರಕೊಂಡು ಅಡ್ಡಾಡಿದಂಗಾತು. ಚೆಕ್‌ಪೋಸ್ಟಿನಾಗ ನೋಡಿದ್ರ ಏನ ತಿಳ್ಕೋತಾರ?"

"ಚೀಟಿ ಇಲ್ಲದ ಪತ್ರಿಕೆ ಬೀದಿನಾಯಿ ಥರ ಕಣಯ್ಯಾ. ಯಾರ ಮನೇಲಿದೆ, ಯಾರು ಹೊಲಸು ಮಾಡಿದ್ರು, ನಂಗೆ ಹೇಗೆ ತಿಳೀಬೇಕು? ನಿನ್ನನ್ನ ಯಾರು ಹಿಡೀತಾರೆ? 'ಹಿಂದಿ' ಅನ್ನು, ಇಂಡಿಯಾದವನು ಅಂತ ಬಿಡ್ತಾರೆ."

"ಮನೀ ಎಲ್ಲಾ ನನಗ ಬಾಯಿಪಾಠ ಅದಾವ್ರಿ ಸರ..."

"ನಿಯಮ ಅಂದ್ರೆ ನಿಯಮ. ನಿನಗೆ ಅದೆಲ್ಲ ಅರ್ಥ ಆಗಲ್ಲ ಬಿಡು."

ಫಕೀರಪ್ಪ ನನ್ನ ಕಡೆ ನೋಡಿದ. "ತಂಗಿ, ನೀವರ ಹೇಳ್ರೆಲಾ." ಚೀಟಿಯ ಕನ್ನಡವನ್ನು ಬರೆದವಳು ನಾನು, ನಾಲ್ಕೂ ಮೂಲೆಗೆ ಹೂಬಳ್ಳಿ ಬಿಡಿಸಿದ್ದೆ. ಹರಿದರೆ ಹಾಳೆ ಹಾಳಾಗುತ್ತದೆ ಎಂದೆ. ನಿಜವಾಗಿಯೂ ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅವನು ಪತ್ರಿಕೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಇಳಿದುಹೋದ.

ಮರುದಿನ ಮಧ್ಯಾಹ್ನ ಕೊನ್ರಾಡ್ ಬಂದ. ಮಂಗಳೂರಿನವನು, ಟ್ಯಾಕ್ಸಿ ಓಡಿಸುತ್ತಿದ್ದ.

"ರುಮೈಥಿಯಾ ರಸ್ತೆಯಲ್ಲಿ ಫಕೀರಪ್ಪಣ್ಣನನ್ನು ಹಿಡಿದ್ರು. ನಾನು ಎರಡು ಗಾಡಿ ಹಿಂದೆ ಇದ್ದೆ. ಸಿಪಾಯಿ ಮೊದಲು 'ಹಿಂದಿ? ಯಲ್ಲಾ, ಹೋಗು' ಅಂತಲೇ ಹೇಳಿದ. ಮತ್ತೆ ಎಂತದೋ ಚೀಲ ತೆಗೆಸಿದ. ಪುಸ್ತಕ ತೆರೆದು ಆಫೀಸರನ್ನು ಕರೆದ. ಆ ಆಫೀಸರ್ ವಿಳಾಸಗಳನ್ನು ಒಂದೊಂದೇ ಗಟ್ಟಿಯಾಗಿ ಓದಿದ ಮಾರ್ರೆ. ಒಂದು ವಿಳಾಸಕ್ಕೆ ಒಂದು ಪೆಟ್ಟು."

"ಹದಿನೇಳೂ ಓದಿದನಾ?" ಎಂದು ಅಪ್ಪ ಕೇಳಿದರು. ನಮ್ಮದು ನಾಲ್ಕನೆಯದು.

"ಹದಿನೇಳೂ ಓದಿದ. ಮತ್ತೆ ಜೀಪಿಗೆ ಹಾಕಿದ್ರು."

ಸಂಜೆಯೊಳಗೆ ಹದಿನೇಳು ಮನೆಗೂ ಸುದ್ದಿ ಮುಟ್ಟಿತು. ನಾಲ್ಕು ಮನೆಯವರು ಅವತ್ತೇ ಮನೆ ಬದಲಾಯಿಸಿದರು. ಉಳಿದವರು ಖರ್ಜೂರ ಎಂಬ ಹಣ್ಣಿನ ಹೆಸರನ್ನೇ ಕೇಳಿಲ್ಲವೆಂಬಂತೆ ಕೂತರು. ಮೂರನೇ ದಿನ ಬಾಳಕ್ಕ, ಫಕೀರಪ್ಪನ ಹೆಂಡತಿ, ಫಿಂಟಾಸಿನಿಂದ ಯಾರ್‍ಯಾರದೋ ಗಾಡಿ ಹತ್ತಿ ಬಂದಳು. ಓದು ಬರಹ ಬಾರದ ಹೆಂಗಸು. ಆದರೆ ಹದಿನೇಳು ಮನೆಯ ಪಟ್ಟಿ ಅವಳಿಗೂ ಬಾಯಿಗಿತ್ತು. ಒಂದೊಂದೇ ಬಾಗಿಲು ಬಡಿದಳು. ಠಾಣೆಗೆ ಬಂದು 'ಇದು ಕಥೀ ಪುಸ್ತಕ' ಅಂತ ಒಂದು ಮಾತು ಹೇಳ್ರಿ ಎಂದು ಕೇಳಿದಳು. ಕೆಲವರು ಬಾಗಿಲ ಸಂದಿಯಿಂದ ಖುಬ್ಜ್ ಕೊಟ್ಟು ಕಳಿಸಿದರು. ಒಬ್ಬರು ಬಾಗಿಲು ತೆಗೆಯದೆ ಒಳಗಿಂದಲೇ ಹಿಂದಿಯಲ್ಲಿ ಮಾತಾಡಿದರು, ತಾವು ಕನ್ನಡದವರೇ ಅಲ್ಲವೆಂಬ ಹಾಗೆ.

ಕೊನೆಗೆ ನಮ್ಮ ಮೆಟ್ಟಿಲು ಹತ್ತಿ, ಮೇಲಿನ ಫ್ಲ್ಯಾಟಿನಲ್ಲಿ ಶ್ಯಾಮಸುಂದರ್ ಅವರ ಮುಂದೆ ನಿಂತಳು. "ಸರ, ನಿಮಗ ಅರಬ್ಬೀ ಬರತೈತಿ. ಬರದಾವ್ರೂ ನೀವ. ನೀವು ಒಂದ ಮಾತು ಹೇಳಿದ್ರ ಬಿಡತಾರ್ರಿ."

ಅವರು ಪುಸ್ತಕದ ಬೀರುವಿನ ಬಾಗಿಲನ್ನು ತೆಗೆದು ಹಾಕಿ ಮಾಡುತ್ತಿದ್ದರು. "ನಂದು ಓದೋ ಅರಬ್ಬಿ ಬಾಳಕ್ಕ. ಮಾತಾಡೋದು ಬೇರೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ನಾನು ತಪ್ಪು ಮಾತಾಡಿದ್ರೆ ಅವನಿಗೇ ಕೆಟ್ಟದ್ದು."

"ಹಂಗಾರ ಚೀಟೀ ಮ್ಯಾಲೆ ಬರದು ಕೊಡ್ರಿ. ನಾ ಒಯ್ತೀನಿ."

"ನನ್ನ ಅಕ್ಷರ ಗುರುತು ಹಿಡೀತಾರೆ," ಎಂದರು.

ಅವಳ ಜೊತೆ ಠಾಣೆಗೆ ಹೋದವನು ಕೊನ್ರಾಡ್. ಅಂಥ ಹೆಸರಿನವನು ಇಲ್ಲ ಎಂದು ಅಲ್ಲಿನವರು ಹೇಳಿದರು. ಮರುದಿನವೂ ಅದನ್ನೇ ಹೇಳಿದರು. ಮೂರನೇ ಸಲ ಹೋದಾಗ ಬಂದೂಕಿನ ಹಿಂಬದಿಯಿಂದ ಕೊನ್ರಾಡನ ಭುಜ ಮುರಿದರು.

ಅಮ್ಮ ಬಾಳಕ್ಕನನ್ನು ನಮ್ಮ ಅಡುಗೆಮನೆಯಲ್ಲಿ ಇಟ್ಟುಕೊಂಡಳು. ಅಪ್ಪ ಗೊಣಗಿದರು: "ನಮ್ಮ ವಿಳಾಸ ಅವರ ಕೈಲಿದೆ. ಈಗ ಅವನ ಹೆಂಡತೀನೂ ನಮ್ಮನೇಲೇ ಇದ್ರೆ?" ಅಮ್ಮ ಬಾಳಕ್ಕನ ತಟ್ಟೆಗೆ ಬಡಿಸಿದಳು. ಅವತ್ತು ಮಧ್ಯಾಹ್ನ ನಾನು ಪಾತ್ರೆ ಒರೆಸುತ್ತಿದ್ದಾಗ ಬಾಳಕ್ಕ ಕೇಳಿದಳು.

"ಯವ್ವಾ, ಅದರಾಗ ಏನ ಬರದಿತ್ತು?"

"ಯಾಕೆ ಬಾಳಕ್ಕ?"

"ಪ್ರತಿ ತಿಂಗಳ ನನಗ ಓದಿ ಹೇಳತಿದ್ರು. ಒಂದ ಸಂಜೀ ಇಟಗೊಂಡು, ಸಾಲಿನ ಕೆಳಗ ಬೆರಳಿಟ್ಟು, ಒಂದೊಂದ ಅಕ್ಷರ ಕೂಡಿಸಿ. ಮೂವತ್ತಾರು ಪುಸ್ತಕ ಹಿಂಗ ಕೇಳೇನಿ. ಮನಿಮನಿಗೆ ಕೊಡೂ ಮುಂದ ಒಳಗೇನೈತಿ ಗೊತ್ತಿರಬೇಕ ಅಂತಿದ್ರು. ಈ ಸಲ ನಾಲ್ಕ ಹಾಳಿ ಓದಿ ಸುಮ್ಮಕಾದ್ರು. ಮುಂದೇನೈತಿ ಅಂದ್ನಿ. ಏನಿಲ್ಲ ಬಿಡ ಅಂದ್ರು. ಊಟಾನೂ ಮಾಡ್ಲಿಲ್ಲ. ಮುಂಜಾನೆದ್ದು ಹ್ವಾದ್ರು."

ಎಣ್ಣೆಮಸಿಯ ಬೆರಳು ಯಾರದೆಂದು ಆಗ ತಿಳಿಯಿತು. ಹದಿನೇಳು ಮನೆಗಳಲ್ಲಿ ಎಷ್ಟು ಜನ ರುಜು ಹಾಕಿ ಮುಂದಕ್ಕೆ ದಾಟಿಸುತ್ತಿದ್ದರೋ ನನಗೆ ಗೊತ್ತು. ನಮ್ಮ ಮನೆಯಲ್ಲೇ ಅಪ್ಪ ಮೂರು ವರ್ಷದಲ್ಲಿ ಒಂದು ಪುಟ ತಿರುವಿರಲಿಲ್ಲ. ಮೊದಲಿಂದ ಕೊನೆಯವರೆಗೆ ಓದಿದವನು ಅವನೊಬ್ಬ. ನಾನು ಬರೆದ ಸಾಲನ್ನೂ ಓದಿದ್ದ.

"ಜೀವಕ್ಕ ಅಪಾಯ ಐತಿ ಅನ್ನೂದು ಏನರ ಅದರಾಗ ಬರದಿತ್ತೋ ಏನೋ," ಬಾಳಕ್ಕ ಅಂದಳು. "ಗೊತ್ತಿದ್ದೂ ನನ್ನ ಬಿಟ್ಟ ಹ್ವಾದ್ರೋ, ಗೊತ್ತಿಲ್ಲದ ಹ್ವಾದ್ರೋ? ಅಷ್ಟ ತಿಳಿಬೇಕ ನನಗ. ಆ 'ಏನಿಲ್ಲ' ಅನ್ನೂದರಾಗ ಏನಿತ್ತು ಓದಿ ಹೇಳ."

"ಕರಡು ನನ್ನ ಹತ್ರ ಇದೆ. ಪೂರ್ತಿ ಓದ್ತೀನಿ," ಎಂದೆ.

"ಪೂರ್ತಿ?"

"ಆಣೆ ಬಾಳಕ್ಕ. ಒಂದಕ್ಷರ ಬಿಡಲ್ಲ."

ಆಮೇಲೆ ದಿನಕ್ಕೊಂದು ನೆಪ ಹೇಳಿದೆ. ಕರಡು ಎಲ್ಲೋ ಸೇರಿಕೊಂಡಿದೆ. ತಲೆನೋವು. ಅಪ್ಪ ಬೈತಾರೆ. ಅವಳು ಪ್ರತಿ ಸಲವೂ "ಆಗಲಿ" ಅನ್ನುತ್ತಿದ್ದಳು, ಮರುದಿನ ಮತ್ತೆ ಕೇಳುತ್ತಿದ್ದಳು. ಅಜ್ಜಿಯ ಕಥೆಗಳಲ್ಲಿ ಮಾತು ತಪ್ಪಿದವರು ಕಲ್ಲಾಗುತ್ತಿದ್ದರು, ಕಪ್ಪೆಯಾಗುತ್ತಿದ್ದರು. ನಾನು ಹಾಗೇ ಇದ್ದೆ, ಹೊತ್ತುಹೊತ್ತಿಗೆ ಊಟವೂ ಸೇರುತ್ತಿತ್ತು.

ಸೆಪ್ಟೆಂಬರ್ ನಡುವಿಗೆ ಜೋರ್ಡಾನಿನ ರಾಜಧಾನಿ ಅಮ್ಮಾನಿಗೆ ಹೋಗುವ ಬಸ್ಸಿನಲ್ಲಿ ನಮಗೆ ಜಾಗ ಸಿಕ್ಕಿತು. ಬಾಳಕ್ಕ ಬರುವುದಿಲ್ಲವೆಂದು ಗೋಡೆ ಹಿಡಿದು ಕೂತಳು. ಗದಗಿನಲ್ಲಿದ್ದ ಇಬ್ಬರು ಮಕ್ಕಳ ಹೆಸರು ಹೇಳಿ ಹೇಳಿ ಅಮ್ಮ ಅವಳನ್ನು ಎಬ್ಬಿಸಿದಳು. ಹೊರಡುವ ಮುಂಚೆ ಶ್ಯಾಮಸುಂದರ್ ಕೆಳಗಿಳಿದು ಬಂದರು.

"ಆ ಕರಡು ಎಲ್ಲಿದೆ? ಕೊಡು, ಹರಿದು ಹಾಕ್ತೀನಿ. ದಾರಿಯುದ್ದ ಚೆಕಿಂಗ್ ಇದೆ. ಕೆಳಗೆ ನನ್ನ ಸಹಿ ಇದೆ ಅದರಲ್ಲಿ."

"ಬಾಳಕ್ಕನಿಗೆ ಓದ್ತೀನಿ ಅಂತ ಮಾತು ಕೊಟ್ಟಿದ್ದೀನಿ ಸರ್."

"ನಿಮ್ಮಜ್ಜಿ ಕಥೆ ಯಾವುದಾದ್ರೂ ಓದಿದ ಹಾಗೆ ಹೇಳ್ಬಿಡು. ಕಾಗದ ತಲೆಕೆಳಗೆ ಹಿಡಿದ್ರೂ ಅವಳಿಗೆ ಗೊತ್ತಾಗಲ್ಲ." ಮತ್ತೆ ತಗ್ಗಿದ ದನಿಯಲ್ಲಿ, "ಅದನ್ನ ಓದಿದ್ರೆ ನಿನಗೇ ಕಷ್ಟ. ಒಳ್ಳೇ ಸಾಲು ಯಾರದು ಅಂತ ನೆನಪಿದೆ ತಾನೆ?"

ಸುಟ್ಟುಬಿಟ್ಟೆ ಎಂದು ಸುಳ್ಳು ಹೇಳಿದೆ. ಕರಡು ಅಮ್ಮನ ರಾಗಿಹಿಟ್ಟಿನ ಡಬ್ಬದ ತಳದಲ್ಲಿತ್ತು.

ಬಸ್ಸು ಬಸ್ರಾ ದಾಟಿದ ಮೇಲೆ ನಾನು ಅವರ ಉಪಾಯವನ್ನೇ ಮಾಡಿದೆ. ಡಬ್ಬದಿಂದ ತೆಗೆದ ಹಾಳೆಗಳನ್ನು ಮುಂದೆ ಹಿಡಿದು, ಬಾಳಕ್ಕನ ಮಗ್ಗುಲಲ್ಲಿ ಕೂತು, ಇಲ್ಲದ್ದನ್ನು ಓದಿದೆ. "ಐದನೇ ಬಗೆಯ ಓದುಗ ಎಲ್ಲರಿಗಿಂತ ಮೇಲು. ಅವನು ಹಂಸದ ಹಾಗೆ. ಅಕ್ಷರವನ್ನು ರೆಕ್ಕೆಯ ಮೇಲಿಟ್ಟುಕೊಂಡು ಮರಳುಗಾಡು ದಾಟಿಸುತ್ತಾನೆ. ಅವನು ಬಂದ ಮನೆಯಲ್ಲಿ ದೀಪ ಹತ್ತುತ್ತದೆ..."

ಬಾಳಕ್ಕ ಸ್ವಲ್ಪ ಹೊತ್ತು ಕೇಳಿದಳು. "ಸಾಕ್ ಬಿಡ ಯವ್ವಾ. ಇದು ಸರ ಬರದಿದ್ದಲ್ಲ."

"ಅವರದೇ ಬಾಳಕ್ಕ."

"ಸರ ಯಾರನ್ನೂ ಒಂದ ಸಾಲಿನಕಿಂತ ಹೆಚ್ಚು ಹೊಗಳೂದಿಲ್ಲ. ಎರಡನೇ ಸಾಲಿಗೆ ಚುಚ್ಚತಾರ. ಮೂವತ್ತಾರು ತಿಂಗಳ ಕೇಳೇನಿ ನಾ." ಅವಳು ಕಿಟಕಿಯ ಕಡೆ ತಿರುಗಿದಳು. "ಹಂಸ ಅಂತ, ಹಂಸ. ಎ.ಸಿ. ರಿಪೇರಿ ಮಾಡಾಂವಗ."

ಹಿಂದಿನ ಸೀಟಿನಲ್ಲಿದ್ದ ಯಾರೋ ನಕ್ಕರು. ನಾನು ಹಾಳೆ ಮಡಿಸಿ ಮತ್ತೆ ಡಬ್ಬಕ್ಕೆ ಹಾಕಿದೆ. ಜೋರ್ಡಾನಿನ ಗಡಿಯವರೆಗೆ ಅವಳು ನನ್ನೊಡನೆ ಮಾತಾಡಲಿಲ್ಲ.

ಗಡಿಯಲ್ಲಿ ಗುಡಾರಗಳ ಊರು. ಕಣ್ಣು ಹಾಯಿಸಿದಷ್ಟೂ ಜನ. ಲಾರಿ ಬಂದು ಮೇಲಿಂದ ರೊಟ್ಟಿ ಎಸೆಯುತ್ತಿತ್ತು, ಗಟ್ಟಿಯಿದ್ದವರು ಹಿಡಿಯುತ್ತಿದ್ದರು. ಒಂದು ಬಾಟಲಿ ನೀರಿಗೆ ಬೆಳಗಿಂದ ಸಾಲು. ಬೇರೆ ಬಸ್ಸಿನಲ್ಲಿ ಬಂದಿದ್ದ ಶ್ಯಾಮಸುಂದರ್ ಬಟ್ಟೆಬರೆ ಬಿಟ್ಟು ಒಂದು ಚೀಲ ಪುಸ್ತಕ ತಂದಿದ್ದರು. ಸಾಲಿನಲ್ಲಿ ನಿಂತು, ಸಾಲು ನಿಲ್ಲುವುದನ್ನು ಕಲಿಯದ ಜನಾಂಗಕ್ಕೆ ಸಾಹಿತ್ಯ ದಕ್ಕುವುದಿಲ್ಲ ಎಂದು ಮುಂದಿನವನಿಗೆ ವಿವರಿಸುತ್ತಿದ್ದರು. ಅವನು ತಿರುಗಿ ನೋಡದೆ ಮೊಣಕೈಯಿಂದ ಅವರನ್ನು ಹಿಂದಕ್ಕೆ ನೂಕಿದ.

ಐದನೇ ದಿನ, ಬಿಸಿಲು ಇನ್ನೂ ಏರುವ ಮುಂಚೆ, ಬಾಳಕ್ಕ ನಮ್ಮ ಗುಡಾರದ ಬಾಯಲ್ಲಿ ಬಂದು ಕೂತಳು. "ನಾಳೆ ಅಮ್ಮಾನಿಗೆ ಒಯ್ತಾರಂತ, ನಾಡಿದ್ದು ಬೊಂಬಾಯಿ. ಮನೀಗೆ ಹ್ವಾದ ಮ್ಯಾಲೆ ಹುಡುಗ್ರು ಕೇಳತಾವು, ಅಪ್ಪ ಯಾಕ ಹ್ವಾದ ಅಂತ. ಏನ ಹೇಳಲಿ? ಈಗ ಓದ."

ಅಮ್ಮ ನನ್ನನ್ನು ನೋಡಿದಳು. ಅಮ್ಮನಿಗೆ ಎಲ್ಲ ಗೊತ್ತಿತ್ತೆಂದು ಕಾಣುತ್ತದೆ. ಡಬ್ಬದ ಮುಚ್ಚಳ ತೆಗೆದು ಹಾಳೆಗಳನ್ನು ಕೊಡವಿ, ನನ್ನ ಮಡಿಲಲ್ಲಿ ಇಟ್ಟಳು. ಪಕ್ಕದ ಗುಡಾರದ ನೆರಳಲ್ಲಿ ಕೂತಿದ್ದ ಶ್ಯಾಮಸುಂದರ್ ಕತ್ತೆತ್ತಿದರು. "ಏಯ್, ಸುಟ್ಟೆ ಅಂದಿದ್ಯಲ್ಲ?" ಎಂದರು.

ಮೊದಲ ನಾಲ್ಕು ಬಗೆಯ ಓದುಗರನ್ನು ಓದಿದೆ. ಅಡುಗೆಯ ಪುಟದ ಹೆಂಗಸು ಬಂದಾಗ ಅಮ್ಮ, "ಹೌದು, ಅದು ನಾನೇ," ಎಂದಳು. ಆಮೇಲೆ ಐದನೆಯದು.

"ಐದನೆಯವನು ಓದುಗನೇ ಅಲ್ಲ. ಆದರೂ ಪುಸ್ತಕಕ್ಕೆ ಎಲ್ಲರಿಗಿಂತ ಹತ್ತಿರ ಇರುವವನು. ನಮ್ಮ ಖರ್ಜೂರವನ್ನು ಹಂಚುವ ಮಹಾಶಯನನ್ನೇ ನೋಡಿ, ಎಂಥ ನಿಯತ್ತು! ಆದರೆ ಮೂವತ್ತಾರು ಸಂಚಿಕೆ ಅವನ ಗಾಡಿಯಲ್ಲಿ ಮಲಗಿ ಎದ್ದಿವೆ, ಒಂದರ ಮುಖವನ್ನೂ ಅವನು ನೋಡಿಲ್ಲ. ಅವನ ಕೈಗೆ ಕನ್ನಡ ಕೊಟ್ಟರೂ ಒಂದೇ, ಕೆಟ್ಟ ಕಂಪ್ರೆಸರ್ ಕೊಟ್ಟರೂ ಒಂದೇ. ಇವನಿಗೆ ಅಕ್ಷರವೆಂದರೆ ತೂಕ."

ಬಾಳಕ್ಕ ಕೈ ಎತ್ತಿ ನನ್ನನ್ನು ನಿಲ್ಲಿಸಿದಳು. ಶ್ಯಾಮಸುಂದರ್ ಎದ್ದು, ಪುಸ್ತಕದ ಚೀಲವನ್ನು ಎಳೆದುಕೊಂಡು, ಗುಡಾರಗಳ ನಡುವೆ ಎತ್ತಲೋ ನಡೆದರು.

"ಅಂದ್ರ ಸಾವಿಂದೇನೂ ಇರಲಿಲ್ಲ ಇದರಾಗ."

"ಇಲ್ಲ ಬಾಳಕ್ಕ."

"ಬೈಗಳ ಅಷ್ಟ. ತನ್ನ ಬೈದಿದ್ದನ್ನ ಹೊತ್ತಗೊಂಡು ತಾನ ಹದಿನೇಳ ಮನೀಗೆ ಮುಟ್ಟಸಾಕ ಹೊಂಟಿದ್ರು." ಅವಳ ದನಿ ಏರಲಿಲ್ಲ. "ಕಡೀ ಸಾಲು ಇನ್ನೊಮ್ಮೆ ಓದ."

ಓದಿದೆ.

"ಇದೊಂದು ಸರಂದಲ್ಲ. ಅವರ ಮಾತು ಉದ್ದ ಇರತಾವು, ಸುತ್ತೀ ಸುತ್ತೀ ಬರತಾವು. ಇದು ಸಣ್ಣದೈತಿ. ನೆಟ್ಟಗ ಹೊಕ್ಕತೈತಿ." ಅವಳು ನನ್ನ ಮುಖ ನೋಡಿದಳು. "ನೀ ಬರದೀ?"

ಗಾಳಿಗೆ ಹಾಳೆ ಪಟಪಟ ಅನ್ನುತ್ತಿತ್ತು. ಇಲ್ಲವೆಂದು ಹೇಳಬಹುದಿತ್ತು. ಹೇಳಿದರೆ ಅವಳಿಗೆ ಗೊತ್ತಾಗುತ್ತಿತ್ತು.

"ಹೌದು ಬಾಳಕ್ಕ. ನಾನೇ."

ಅಮ್ಮ ಬಾಯಿಗೆ ಸೆರಗು ಹಿಡಿದಳು. ನನ್ನ ಕಣ್ಣು ತುಂಬಿ ಸಾಲುಗಳು ಕಲಸಿಹೋದವು. ಕ್ಷಮಿಸು ಎನ್ನಲು ಬಾಯಿ ತೆರೆದೆ.

"ಅಳಬ್ಯಾಡ. ಅತ್ತರ ಓದಾಕ ಆಗೂದಿಲ್ಲ," ಎಂದಳು ಬಾಳಕ್ಕ. "ಪೂರ್ತಿ ಅಂದಿದ್ದಿ. ಮುಂದ ಓದ."

ಮುಂದೆ ಇನ್ನೂ ಒಂದೂವರೆ ಹಾಳೆ ಇತ್ತು. ಓದುವಾಗ ದೀಪ ಯಾವ ಕಡೆಗಿರಬೇಕು. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಒಳ್ಳೆಯದೋ, ಪ್ಲಾಸ್ಟಿಕ್ಕಿನದೋ. ಮಕ್ಕಳಿಗೆ ಹುಟ್ಟುಹಬ್ಬಕ್ಕೆ ಗೊಂಬೆ ಕೊಡುವವರ ಬಗ್ಗೆ ನಾಲ್ಕು ಚುಚ್ಚುಮಾತು. ನಾನು ಓದುತ್ತಾ ಹೋದೆ. ನಾನು ತಡವರಿಸಿದಾಗೆಲ್ಲ ಅವಳು ಕಾದಳು. ಸಮಾಧಾನವನ್ನೂ ಹೇಳಲಿಲ್ಲ, ಸಾಕು ಎಂದೂ ಅನ್ನಲಿಲ್ಲ. ನೀರಿನ ಲಾರಿ ಬಂತು, ಜನ ಓಡಿದರು, ಅಮ್ಮ ಬಾಟಲಿ ಹಿಡಿದು ಎದ್ದಳು. ಬಾಳಕ್ಕ ಏಳಲಿಲ್ಲ. ಕೊನೆಯಲ್ಲಿ ಶ್ಯಾಮಸುಂದರ್ ಅವರ ಸಹಿ, ತಾರೀಖು, ಅದರ ಕೆಳಗೆ 'ಅಂದವಾಗಿ ಬರೆದವರು' ಎಂದು ನನ್ನ ಹೆಸರು. ಅದನ್ನೂ ಗಟ್ಟಿಯಾಗಿ ಓದಿದೆ. ಹಾಳೆ ತಿರುವಿದೆ. ಹಿಂಬದಿಯಲ್ಲಿ ಏನೂ ಇರಲಿಲ್ಲ.

"ಮುಗೀತು," ಎಂದೆ.